ನಾಳೆಗೆ ದಾರಿಯಿದೆ, ನಿನ್ನೆಗೆ?

ಕನ್ನಡದಲ್ಲಿ ‘ಮುಂಚೆ’ ಎಂದರೆ ಆಗಿಹೋದದ್ದು, ‘ಮುಂದೆ’ ಎಂದರೆ ಇನ್ನೂ ಆಗಬೇಕಾದದ್ದು. ‘ಮುಂಚೆಯೇ ಹೇಳಿದ್ದೆ’ ಎನ್ನುತ್ತೇವೆ, ‘ಮುಂದೆ ನೋಡಿಕೊಳ್ಳೋಣ’ ಎಂದೂ ಎನ್ನುತ್ತೇವೆ. ಎರಡೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಕಾಲಕ್ಕೆ ಮುಂದು ಯಾವುದು, ಹಿಂದು ಯಾವುದು ಎನ್ನುವಾಗ ಭಾಷೆಯೇ ಸ್ವಲ್ಪ ತಡವರಿಸುತ್ತದೆ. ಭೌತಶಾಸ್ತ್ರಕ್ಕೂ ಇಂಥದೇ ಒಂದು ತಡವರಿಕೆಯಿದೆ. ಅದರ ಮೂಲ ಸಮೀಕರಣಗಳನ್ನು ಕಾಲದಲ್ಲಿ ತಿರುಗಾ ಮುರುಗಾ ಓಡಿಸಿದರೆ ಹೆಚ್ಚಿನವು ತಕರಾರು ಮಾಡುವುದಿಲ್ಲ. ಆದರೂ ಒಡೆದ ಮಡಕೆ ತಾನಾಗಿ ಕೂಡಿಕೊಂಡು ಕಟ್ಟೆಯ ಮೇಲೆ ಹಾರಿ ಕೂತದ್ದನ್ನು ಯಾರೂ ಕಂಡಿಲ್ಲ.

ಕಾಲಯಾನ ಸಾಧ್ಯವೇ ಎಂದು ಕೇಳುವವರು ಸಾಮಾನ್ಯವಾಗಿ ಒಂದೇ ಉತ್ತರ ಬಯಸುತ್ತಾರೆ. ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಅವುಗಳ ಹಣೆಬರಹವೂ ಬೇರೆ ಬೇರೆ. ಬೇರೆಯವರಿಗಿಂತ ಬೇಗ ಭವಿಷ್ಯ ತಲುಪಬಹುದೇ? ತಲುಪಬಹುದು, ತಲುಪಿದವರೂ ಇದ್ದಾರೆ, ಎಷ್ಟು ಬೇಗ ಎಂದು ಅಳೆದೂ ಆಗಿದೆ. ನಿನ್ನೆಗೆ ಮರಳಬಹುದೇ? ಆಗದು ಎಂದು ಸಾಧಿಸಿ ತೋರಿಸಲು ಇವತ್ತಿಗೂ ಯಾರಿಂದಲೂ ಆಗಿಲ್ಲ. ಆದರೆ ತೆರೆದಂತೆ ಕಂಡ ಬಾಗಿಲುಗಳೆಲ್ಲ, ಹತ್ತಿರ ಹೋಗಿ ತಳ್ಳಿದಾಗ, ಒಂದೊಂದೂ ಒಂದೊಂದು ಕಾರಣಕ್ಕೆ ಮುಚ್ಚಿಕೊಂಡಿವೆ. ಈ ವಿಷಯದ ಸ್ವಾರಸ್ಯವೆಲ್ಲ ಆ ಕಾರಣಗಳಲ್ಲಿದೆ.

ಎರಡು ಕನ್ನಡಿ, ಒಂದು ಬೆಳಕಿನ ಕಿಡಿ

ಮೊದಲು ಸುಲಭದ್ದು. ಎರಡು ಕನ್ನಡಿಗಳನ್ನು ಒಂದರ ಮೇಲೊಂದು ಎದುರುಬದುರಾಗಿ ಇಟ್ಟಿದ್ದೇವೆ, ನಡುವೆ ಬೆಳಕಿನ ಒಂದು ಕಿಡಿ ಮೇಲೆ ಕೆಳಗೆ ಪುಟಿಯುತ್ತಿದೆ ಎಂದುಕೊಳ್ಳಿ. ಒಮ್ಮೆ ಹೋಗಿ ಬಂದರೆ ಒಂದು ‘ಟಿಕ್’. ಇದೇ ನಮ್ಮ ಗಡಿಯಾರ. ಇದನ್ನು ರಾಕೆಟ್‌ನಲ್ಲಿಟ್ಟು ಕಳಿಸೋಣ. ಒಳಗೆ ಕೂತವಳಿಗೆ ಕಿಡಿ ನೇರವಾಗಿ ಮೇಲೆ ಹೋಗಿ ನೇರವಾಗಿ ಕೆಳಗೆ ಬರುತ್ತದೆ. ಹೊರಗೆ ನಿಂತು ನೋಡುವವನಿಗೆ ಹಾಗಲ್ಲ. ಕಿಡಿ ಮೇಲಿನ ಕನ್ನಡಿ ಮುಟ್ಟುವಷ್ಟರಲ್ಲಿ ರಾಕೆಟ್ಟೇ ಮುಂದೆ ಸರಿದಿರುತ್ತದೆ, ಹಾಗಾಗಿ ಕಿಡಿ ಓರೆಯಾಗಿ ಏರಿ ಓರೆಯಾಗಿ ಇಳಿಯುತ್ತದೆ, ಗರಗಸದ ಹಲ್ಲುಗಳಂತೆ. ಓರೆ ದಾರಿ ನೇರ ದಾರಿಗಿಂತ ಉದ್ದ.

ಕಿಡಿಯ ಬದಲು ಚೆಂಡು ಇದ್ದಿದ್ದರೆ ತೊಂದರೆಯಿರಲಿಲ್ಲ. ರಾಕೆಟ್ಟಿನ ವೇಗವೂ ಸೇರಿ ಚೆಂಡು ಹೊರಗಿನವನ ಕಣ್ಣಿಗೆ ಹೆಚ್ಚು ಬೇಗ ಓಡುತ್ತಿತ್ತು, ಲೆಕ್ಕ ಸರಿಹೋಗುತ್ತಿತ್ತು. ಬೆಳಕಿನದು ವಿಚಿತ್ರ ಹಟ. ಯಾರು ಅಳೆದರೂ, ಎಲ್ಲಿಂದ ಅಳೆದರೂ, ನಿರ್ವಾತದಲ್ಲಿ ಅದರ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ವೇಗ ಅಷ್ಟೇ, ದಾರಿ ಮಾತ್ರ ಉದ್ದ ಎಂದ ಮೇಲೆ ಒಂದು ಟಿಕ್‌ಗೆ ಹೆಚ್ಚು ಹೊತ್ತು ಹಿಡಿಯಲೇಬೇಕು. ಹೊರಗಿನವನ ಲೆಕ್ಕದಲ್ಲಿ ರಾಕೆಟ್ಟಿನ ಗಡಿಯಾರ ನಿಧಾನ. ಗಡಿಯಾರ ಮಾತ್ರವಲ್ಲ, ಒಳಗಿನವಳ ನಾಡಿಬಡಿತ, ಉಗುರು ಬೆಳೆಯುವುದು, ಯೋಚನೆ, ಮುಪ್ಪು ಎಲ್ಲವೂ ಅಷ್ಟೇ ನಿಧಾನ. ಆದ್ದರಿಂದಲೇ ಒಳಗಿನವಳಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದರ ತಿರುಳು ಇದು. ಇಷ್ಟಕ್ಕೆ ಬೇಕಾದ ಗಣಿತ ಲಂಬಕೋನ ತ್ರಿಭುಜದ ಪೈಥಾಗೊರಸ್ ಪ್ರಮೇಯ ಒಂದೇ. ಹೈಸ್ಕೂಲಿನಲ್ಲಿ ಇದನ್ನು ಹೇಳಿಕೊಡದಿರುವುದು ನನಗಂತೂ ಬೇಸರದ ಸಂಗತಿ.

ಇದಕ್ಕೆ ಸಾಕ್ಷಿ ದಿನವೂ ನಮ್ಮ ತಲೆಯ ಮೇಲೆ ಸುರಿಯುತ್ತಿದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾಯುಮಂಡಲಕ್ಕೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಪಾಲು. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವುದು ಕಷ್ಟ. ನೆಲ ಮುಟ್ಟುವ ಮಾತೇ ಇಲ್ಲ. ಆದರೂ ಅವು ಧಾರಾಳವಾಗಿ ನೆಲ ಮುಟ್ಟುತ್ತವೆ, ಏಕೆಂದರೆ ನಮ್ಮ ಲೆಕ್ಕದಲ್ಲಿ ಅವುಗಳ ಒಳಗಿನ ಗಡಿಯಾರ ನಿಧಾನವಾಗಿ ನಡೆಯುತ್ತಿದೆ. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಮ್ಯೂಆನ್‌ಗಳನ್ನು ಬೆಳಕಿನ ವೇಗದ 99.94 ಶೇಕಡದಲ್ಲಿ ಉಂಗುರದೊಳಗೆ ಸುತ್ತಿಸಿ ನೋಡಿದರು. 1977ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವು 29 ಪಟ್ಟು ಹೆಚ್ಚು ಬಾಳಿದವು.

ಕಣಗಳ ಮಾತು ಬೇಡ, ನಮ್ಮ ಕೈಯಳತೆಯ ವಸ್ತು ಬೇಕು ಎನ್ನುವವರಿಗೆ 1971ರ ಪ್ರಯೋಗವಿದೆ. ಜೋಸೆಫ್ ಹಾಫೆಲೆ ಮತ್ತು ರಿಚರ್ಡ್ ಕೀಟಿಂಗ್ ಎಂಬಿಬ್ಬರು ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕ ವಿಮಾನಗಳಲ್ಲಿ ಹೊತ್ತು ಭೂಮಿಯನ್ನು ಎರಡು ಬಾರಿ ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ನೆಲದ ಮೇಲಿದ್ದ ಗಡಿಯಾರಕ್ಕೆ ಹೋಲಿಸಿದಾಗ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೊಸೆಕೆಂಡ್ (ಒಂದು ಸೆಕೆಂಡಿನ ನೂರು ಕೋಟಿಯಲ್ಲಿ 59 ಪಾಲು) ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡ್ ಮುಂದೆ ಹೋಗಿದ್ದವು.

ಮುಂದೆ ಹೋದದ್ದು ಹೇಗೆ? ಒಂದು, ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನದ ನಿಜವಾದ ಓಟ ನೆಲದ ಮೇಲಿನ ಗಡಿಯಾರದ್ದಕ್ಕಿಂತ ಕಡಿಮೆ. ಇನ್ನೊಂದು ಕಾರಣ ಗುರುತ್ವ. ಐನ್‌ಸ್ಟೈನ್ 1915ರಲ್ಲಿ ಮಂಡಿಸಿದ ಗುರುತ್ವ ಸಿದ್ಧಾಂತದ, ಅಂದರೆ ಸಾಮಾನ್ಯ ಸಾಪೇಕ್ಷತೆಯ ಪ್ರಕಾರ ಗುರುತ್ವ ಹೆಚ್ಚು ಆಳವಾದಷ್ಟೂ ಕಾಲ ನಿಧಾನ. ಎತ್ತರದಲ್ಲಿರುವುದು ಬೇಗ ಹಳೆಯದಾಗುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ 33 ಸೆಂಟಿಮೀಟರ್ ಎತ್ತರಿಸಿದ ಗಡಿಯಾರದಲ್ಲೂ ಈ ವ್ಯತ್ಯಾಸ ಹಿಡಿದರು. ಅಂದರೆ ನಿಂತವರ ತಲೆಗೆ ಕಾಲಿಗಿಂತ ಒಂದು ಚೂರು ಹೆಚ್ಚು ವಯಸ್ಸು. ಭೂಮಿಯ ತಿರುಳು ಅದರ ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು ಎಂಬ ಲೆಕ್ಕವೂ ಇದರಿಂದಲೇ ಬರುತ್ತದೆ.

ಜಿಪಿಎಸ್ ಉಪಗ್ರಹಗಳಲ್ಲಿ ಎರಡೂ ಪರಿಣಾಮಗಳು ಒಂದನ್ನೊಂದು ಎಳೆದಾಡುತ್ತವೆ. ವೇಗದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ (ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 7 ಪಾಲು) ಹಿಂದೆ ಬೀಳುತ್ತದೆ, 20,200 ಕಿಲೋಮೀಟರ್ ಎತ್ತರದಿಂದಾಗಿ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಕಳೆದು ಉಳಿಯುವುದು 38. ಇದನ್ನು ಸರಿಪಡಿಸದೆ ಬಿಟ್ಟರೆ, ಅಷ್ಟು ಹೊತ್ತಿನಲ್ಲಿ ಬೆಳಕು ಓಡುವ 11 ಕಿಲೋಮೀಟರಿನಷ್ಟು ದೂರದ ತಪ್ಪು ದಿನದಿನವೂ ಲೆಕ್ಕದೊಳಗೆ ಸೇರುತ್ತ ಹೋಗುತ್ತದೆ. ಫೋನಿನಲ್ಲಿ ದಾರಿ ಹುಡುಕುವ ಪ್ರತಿಯೊಬ್ಬರೂ ಐನ್‌ಸ್ಟೈನ್ ಹೇಳಿದ ಕಾಲದ ಲೆಕ್ಕವನ್ನು ನಂಬಿಯೇ ತಿರುವು ತೆಗೆದುಕೊಳ್ಳುತ್ತಿದ್ದಾರೆ.

ಹಾಗಾದರೆ ಮನುಷ್ಯರಲ್ಲಿ ಅತಿ ದೂರದ ಭವಿಷ್ಯಕ್ಕೆ ಹೋದವರು ಯಾರು? ರಷ್ಯಾದ ಒಲೆಗ್ ಕೊನೊನೆಂಕೊ ಐದು ಯಾನಗಳಲ್ಲಿ ಒಟ್ಟು 1,111 ದಿನ ಅಂತರಿಕ್ಷ ನಿಲ್ದಾಣದಲ್ಲಿ ಕಳೆದಿದ್ದಾರೆ. ನಿಲ್ದಾಣದ ವೇಗ ಮತ್ತು ಎತ್ತರ ಎರಡನ್ನೂ ಹಿಡಿದು ಗುಣಿಸಿದರೆ, ನೆಲದ ಮೇಲೆ ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ಅವರ ವಯಸ್ಸು ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಕಡಿಮೆ. ರೆಪ್ಪೆ ಮಿಟುಕಿಸುವುದಕ್ಕೂ ಸಾಲದ ಹೊತ್ತು. ಆದರೆ ಇದು ಕಲ್ಪನೆಯಲ್ಲ, ಕಾಲಯಾನವೇ.

ನಾಳೆಯ ಟಿಕೆಟ್ಟಿನ ಬೆಲೆ

ನೂರರಲ್ಲಿ ಮೂರು ಪಾಲು ಸೆಕೆಂಡಿನಿಂದ ಐವತ್ತು ವರ್ಷಕ್ಕೆ ಏರಬೇಕಾದರೆ ತತ್ತ್ವ ಬದಲಾಗಬೇಕಿಲ್ಲ, ವೇಗ ಹೆಚ್ಚಿದರೆ ಸಾಕು. ಅಭಿಜಿತ್ ನಕ್ಷತ್ರ ನಮ್ಮಿಂದ 25 ಜ್ಯೋತಿರ್ವರ್ಷ ದೂರದಲ್ಲಿದೆ. ಇಬ್ಬರು ಅವಳಿ ಸೋದರಿಯರಲ್ಲಿ ಒಬ್ಬಳು ಇಪ್ಪತ್ತೈದರ ಹರೆಯದಲ್ಲಿ ಬೆಳಕಿನ ವೇಗದ 99.5 ಶೇಕಡದಲ್ಲಿ ಅಲ್ಲಿಗೆ ಹೋಗಿ ಹಾಗೇ ಮರಳಿದಳು ಎನ್ನೋಣ. ಆ ವೇಗದಲ್ಲಿ ಕಾಲ ಹತ್ತು ಪಟ್ಟು ನಿಧಾನ. ಅವಳು ಇಳಿಯುವಾಗ ಅವಳ ವಯಸ್ಸು ಮೂವತ್ತು, ಎದುರುಗೊಳ್ಳಲು ಬಂದ ಸೋದರಿಗೆ ಎಪ್ಪತ್ತೈದು. 

ಇಲ್ಲಿ ಒಬ್ಬ ಜಾಣ ಓದುಗ ಕೈ ಎತ್ತುತ್ತಾನೆ: ‘ರಾಕೆಟ್ಟಿನವಳ ಕಣ್ಣಲ್ಲಿ ಓಡಿದ್ದು ಭೂಮಿಯಲ್ಲವೇ? ಹಾಗಾದರೆ ಭೂಮಿಯವಳೇ ಏಕೆ ಚಿಕ್ಕವಳಾಗಿ ಉಳಿಯಬಾರದು?’ ಒಳ್ಳೆಯ ಪ್ರಶ್ನೆ. ಉತ್ತರ ತಿರುವಿನಲ್ಲಿದೆ. ಅಭಿಜಿತ್ ಬಳಿ ನಿಂತು, ತಿರುಗಿ, ಮತ್ತೆ ವೇಗ ಹಿಡಿದವಳು ರಾಕೆಟ್ಟಿನವಳು. ಸೀಟಿಗೆ ಒತ್ತಿಕೊಂಡವಳು ಅವಳೇ. ಭೂಮಿಯವಳಿಗೆ ಅಂಥದ್ದೇನೂ ಆಗಲಿಲ್ಲ. ಇಬ್ಬರ ಪಯಣ ಒಂದೇ ಬಗೆಯದಲ್ಲ, ಹಾಗಾಗಿ ವಯಸ್ಸೂ ಒಂದೇ ಅಲ್ಲ.

ತೊಡಕು ಇಂಧನದ್ದು. ಒಂದು ಟನ್ ತೂಕದ ನೌಕೆಯನ್ನು, ಅಂದರೆ ಒಂದು ಸಣ್ಣ ಕಾರಿನಷ್ಟನ್ನು, ಆ ವೇಗಕ್ಕೆ ಏರಿಸಲು ಬೇಕಾಗುವ ಶಕ್ತಿ ಇಡೀ ಜಗತ್ತು ಈಗ ಒಂದು ವರ್ಷದಲ್ಲಿ ಬಳಸುವ ಒಟ್ಟು ಶಕ್ತಿಯನ್ನು ಮೀರುತ್ತದೆ. ನಿಲ್ಲಿಸಲು, ತಿರುಗಿಸಲು, ಮತ್ತೆ ನಿಲ್ಲಿಸಲು ಬೇಕಾದದ್ದು ಬೇರೆ. ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ವೇಗದ್ದು ಪಾರ್ಕರ್ ಸೌರ ನೌಕೆ. 2024ರ ಡಿಸೆಂಬರ್‌ನಲ್ಲಿ ಸೂರ್ಯನ ಬಳಿ ಹಾಯ್ದಾಗ ಅದು ಸೆಕೆಂಡಿಗೆ ಸುಮಾರು 192 ಕಿಲೋಮೀಟರ್ ಮುಟ್ಟಿತು. ವರ್ಷಪೂರ್ತಿ ಅದೇ ವೇಗದಲ್ಲಿ ಓಡಿದರೂ ವೇಗದಿಂದ ಗಳಿಸುವುದು ಆರೂವರೆ ಸೆಕೆಂಡ್.

ಬೆಳಕನ್ನೂ ಹೊರಬಿಡದಷ್ಟು ಗುರುತ್ವವಿರುವ ಕಪ್ಪುಕುಳಿಯ ಪಕ್ಕ ನಿಲ್ಲುವುದು ಇನ್ನೊಂದು ಉಪಾಯ. ಅದರ ಅಂಚಿನ ತ್ರಿಜ್ಯಕ್ಕಿಂತ ಶೇಕಡ ಒಂದರಷ್ಟು ಹೊರಗೆ ಅಲುಗದೆ ನಿಂತರೆ ಅಲ್ಲೂ ಹತ್ತು ಪಟ್ಟು ಸಿಗುತ್ತದೆ. ಅಲುಗದೆ ನಿಲ್ಲಿಸುವ ರಾಕೆಟ್ ಯಾವುದು ಎಂದು ಮಾತ್ರ ಕೇಳಬಾರದು. ಅದೇನೇ ಇರಲಿ, ಈ ಭಾಗದಲ್ಲಿ ತಕರಾರಿರುವುದು ಎಂಜಿನಿಯರಿಂಗಿನದ್ದು, ನಿಸರ್ಗ ನಿಯಮದ್ದಲ್ಲ. ಮತ್ತು ಈ ಟಿಕೆಟ್ ಒಂದೇ ಕಡೆಯದು. ಎಪ್ಪತ್ತೈದರ ಸೋದರಿಯನ್ನು ಕಂಡು ಬೇಸರವಾಯಿತೆಂದು ಮೂವತ್ತರವಳು ಹಿಂದಕ್ಕೆ ಹೋಗುವಂತಿಲ್ಲ.

ಹಿಂದಿನ ಬಾಗಿಲುಗಳು

ಹಳೆಯ ಬೆಳಕನ್ನು ನೋಡುವುದೇ ಹಿಂದಕ್ಕೆ ಹೋದಂತಲ್ಲವೇ ಎಂದು ಕೆಲವರು ಹೇಳುವುದುಂಟು. ಅಭಿಜಿತ್ ಈಗ ಕಾಣುವುದು 25 ವರ್ಷದ ಹಿಂದಿನದು, ಬರಿಗಣ್ಣಿಗೇ ಕಾಣುವ ದೇವಯಾನಿ ಗೆಲಾಕ್ಸಿ 25 ಲಕ್ಷ ವರ್ಷದ ಹಿಂದಿನದು. ಚಂದದ ಸಂಗತಿ. ಆದರೆ ತಡವಾಗಿ ಬಂದ ಕಾಗದ ಓದಿದರೆ ಅದನ್ನು ಬರೆದ ದಿನಕ್ಕೆ ಹೋದಂತಾಗುವುದಿಲ್ಲ. ಇದನ್ನು ಪಕ್ಕಕ್ಕಿಡೋಣ.

ಮೊದಲ ನಿಜವಾದ ಬಾಗಿಲು ಬೆಳಕಿನ ವೇಗ ಮೀರುವುದು. ಸಾಪೇಕ್ಷತೆಯಲ್ಲಿ ದೂರದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ನೋಡುವವರ ಓಟವನ್ನು ಅನುಸರಿಸಿ ಅದು ಬದಲಾಗುತ್ತದೆ. ಬೆಳಕಿಗಿಂತ ಬೇಗ ಸಂದೇಶ ಕಳಿಸುವುದಾದರೆ, ಅದು ಹೊರಡುವ ಮುಂಚೆಯೇ ತಲುಪಿತು ಎಂದು ಹೇಳುವ ನೋಡುಗರು ಸಿಗುತ್ತಾರೆ. ಅಂಥವರಲ್ಲಿ ಒಬ್ಬರು ತಕ್ಷಣ ಅದೇ ವೇಗದಲ್ಲಿ ಮರು ಉತ್ತರ ಕಳಿಸಿದರೆ, ನೀವು ಪ್ರಶ್ನೆ ಕೇಳುವ ಮೊದಲೇ ಉತ್ತರ ನಿಮ್ಮ ಕೈಯಲ್ಲಿರುತ್ತದೆ. ಹಾಗಾಗಿ 2011ರಲ್ಲಿ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊಗೆ, 730 ಕಿಲೋಮೀಟರ್ ನೆಲದೊಳಗಿನಿಂದ ಕಳಿಸಿದ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ತಲುಪಿದಂತೆ ಕಂಡಾಗ ಜಗತ್ತಿನ ಭೌತವಿಜ್ಞಾನಿಗಳೆಲ್ಲ ಬೆಚ್ಚಿದರು. ತಿಂಗಳುಗಟ್ಟಲೆ ಜಾಲಾಡಿದ ಮೇಲೆ ಮುಖ್ಯ ಅಪರಾಧಿ ಸಿಕ್ಕಿತು: ಸರಿಯಾಗಿ ಕೂರಿಸದ ಒಂದು ಆಪ್ಟಿಕಲ್ ಫೈಬರ್ ಕೇಬಲ್. ದ್ರವ್ಯರಾಶಿಯಿರುವ ಯಾವುದನ್ನೂ ಬೆಳಕಿನ ವೇಗದ ತನಕ ದೂಡಲು ಮುಗಿಯದಷ್ಟು ಶಕ್ತಿ ಬೇಕು. ಮೊದಲ ಬಾಗಿಲು ಮುಚ್ಚಿತು.

ಎರಡನೆಯದನ್ನು ತೆರೆದವರು ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್. ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನ್ ಜೊತೆ ದಿನವೂ ನಡೆದುಕೊಂಡು ಹರಟುತ್ತಿದ್ದ ಗೆಳೆಯ ಅವರು. 1949ರಲ್ಲಿ, ಐನ್‌ಸ್ಟೈನ್‌ಗೆ ಎಪ್ಪತ್ತು ತುಂಬಿದ ವರ್ಷ, ಅವರದೇ ಸಮೀಕರಣಗಳಿಂದ ಒಂದು ವಿಶ್ವವನ್ನು ಕಟ್ಟಿ ತೋರಿಸಿದರು. ಆ ವಿಶ್ವ ಇಡಿಯಾಗಿ ತಿರುಗುತ್ತದೆ. ಅದರಲ್ಲಿ ಸಾಕಷ್ಟು ದೂರದ ಸುತ್ತು ಹಾಕಿ ಬಂದರೆ ಹೊರಟ ಗಳಿಗೆಗಿಂತ ಮುಂಚಿನ ಗಳಿಗೆಗೆ ತಲುಪಬಹುದು. ಎಲ್ಲೂ ಬೆಳಕಿನ ವೇಗ ಮೀರಬೇಕಿಲ್ಲ. ಹುಟ್ಟುಹಬ್ಬಕ್ಕೆ ಇಂಥ ಉಡುಗೊರೆ ಕೊಡಲು ಗೋಡೆಲ್ ಒಬ್ಬರಿಗೇ ಸಾಧ್ಯ. ಗಣಿತದಲ್ಲಿ ತಪ್ಪು ಹಿಡಿಯಲು ಐನ್‌ಸ್ಟೈನ್‌ಗೆ ಆಗಲಿಲ್ಲ. ಭೌತಿಕ ಕಾರಣಗಳಿಂದ ಇಂಥವನ್ನು ಹೊರಗಿಡಬೇಕೇ ಎಂದು ಯೋಚಿಸಬೇಕಾದೀತು ಎಂದಷ್ಟೇ ಬರೆದರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಲಕ್ಷಣ ಇದುವರೆಗಿನ ಯಾವ ಅಳತೆಯಲ್ಲೂ ಕಂಡಿಲ್ಲ. ಹಾಗಾಗಿ ಆ ಬಾಗಿಲು ಇದ್ದರೂ ಬೇರೆ ಮನೆಯದು.

1974ರಲ್ಲಿ ಫ್ರ್ಯಾಂಕ್ ಟಿಪ್ಲರ್ ಅತಿ ಸಾಂದ್ರವಾದ, ಅತಿ ವೇಗವಾಗಿ ತಿರುಗುವ ಸಿಲಿಂಡರ್ ಒಂದನ್ನು ಸುತ್ತಿ ಬಂದರೂ ಹಿಂದಕ್ಕೆ ಹೋಗಬಹುದು ಎಂದರು. ಲೆಕ್ಕ ಸರಿಯಿತ್ತು. ಸಿಲಿಂಡರಿನ ಉದ್ದ ಮಾತ್ರ ಅನಂತವಾಗಿರಬೇಕಿತ್ತು.

ಹುಳು ಕೊರೆದ ಸುರಂಗ

ಇದ್ದುದರಲ್ಲಿ ಗಂಭೀರವಾದ ಬಾಗಿಲು ವರ್ಮ್‌ಹೋಲ್. ಹಣ್ಣಿನ ಮೇಲೆ ಹರಿದಾಡುವ ಹುಳು ಅರ್ಧ ಸುತ್ತು ಹಾಕುವ ಬದಲು ಒಳಗೆ ಕೊರೆದು ಆಚೆ ಹೊರಬಂದಂತೆ, ದೇಶಕಾಲದ, ಅಂದರೆ ಜಾಗ ಮತ್ತು ಕಾಲ ಒಂದಾಗಿ ಹೆಣೆದ ಹಾಸಿನ, ಎರಡು ತಾಣಗಳನ್ನು ಕೂಡಿಸುವ ಒಳದಾರಿ. ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ 1935ರಲ್ಲೇ ಇಂಥ ಸೇತುವೆಯ ಗಣಿತ ಬರೆದಿದ್ದರು. ಆದರೆ ಆ ಸೇತುವೆ ಎಷ್ಟು ಬೇಗ ಕುಸಿಯುತ್ತದೆಂದರೆ ಬೆಳಕಿಗೂ ದಾಟಲು ಪುರಸೊತ್ತಿಲ್ಲ ಎಂದು 1962ರಲ್ಲಿ ತಿಳಿಯಿತು. 1980ರ ದಶಕದಲ್ಲಿ ಖಗೋಳವಿಜ್ಞಾನಿ ಕಾರ್ಲ್ ಸಗಾನ್ ತಾವು ಬರೆಯುತ್ತಿದ್ದ ಕಾದಂಬರಿಗೆ ನಂಬುವಂಥ ಅಂತರಿಕ್ಷ ದಾರಿಯೊಂದು ಬೇಕೆಂದು ಭೌತವಿಜ್ಞಾನಿ ಗೆಳೆಯ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ಕೂತು ಲೆಕ್ಕ ಹಾಕಿದರು. ದಾಟಬಹುದಾದ ವರ್ಮ್‌ಹೋಲಿಗೆ ಏನು ಬೇಕು ಎಂಬ ಪ್ರಬಂಧವೇ 1988ರಲ್ಲಿ ಹೊರಬಂತು. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ ಅದನ್ನು ಕಾಲಯಂತ್ರವಾಗಿ ಮಾರ್ಪಡಿಸುವ ಬಗೆಯೂ ಇತ್ತು.

ಬಗೆ ಸರಳ, ಅವಳಿ ಸೋದರಿಯರದ್ದೇ. ಸುರಂಗದ ಎರಡು ಬಾಯಿಗಳೂ 2100ನೇ ಇಸವಿಯಲ್ಲಿ ಒಂದೇ ಕಡೆ ಇವೆ ಎನ್ನೋಣ. ಒಂದು ಬಾಯಿಯನ್ನು ಅಭಿಜಿತ್ ತನಕ ಒಯ್ದು ತರುತ್ತೇವೆ. ಹೊರಗೆ 2150 ಆಗಿದೆ. ಪಯಣ ಮಾಡಿದ ಬಾಯಿಗೆ ಕಟ್ಟಿದ ಗಡಿಯಾರದಲ್ಲಿ ಇನ್ನೂ 2105. ಈಗ ಮುಖ್ಯ ಮಾತು: ಸುರಂಗದ ಒಳಗಿನಿಂದ ನೋಡಿದರೆ ಎರಡು ಬಾಯಿಗಳೂ ಅಕ್ಕಪಕ್ಕದಲ್ಲೇ ಇದ್ದವು, ಯಾವುದೂ ಯಾವುದರಿಂದಲೂ ದೂರ ಹೋಗಲಿಲ್ಲ, ಒಳಗಿನ ಲೆಕ್ಕದಲ್ಲಿ ಎರಡರ ಗಡಿಯಾರಕ್ಕೂ ಒಂದೇ ಹೊತ್ತು. ಹಾಗಾಗಿ 2150ರಲ್ಲಿ ಪಯಣದ ಬಾಯಿಯೊಳಗೆ ಕಾಲಿಟ್ಟವರು ಮನೆಯಲ್ಲಿ ಉಳಿದ ಬಾಯಿಯಿಂದ ಹೊರಬರುವುದು 2105ರಲ್ಲಿ. ನಲವತ್ತೈದು ವರ್ಷ ಹಿಂದೆ.

ಒಂದು ಷರತ್ತನ್ನು ಗಮನಿಸಿ. ಈ ಯಂತ್ರದಿಂದ 2100ಕ್ಕಿಂತ ಹಿಂದೆ ಹೋಗಲು ದಾರಿಯೇ ಇಲ್ಲ. ಕಟ್ಟುವ ಮುಂಚಿನ ಕಾಲಕ್ಕೆ ಈ ಬಾಗಿಲು ತೆರೆಯುವುದಿಲ್ಲ. ಡೈನೋಸಾರ್ ನೋಡುವ ಆಸೆಯಿದ್ದವರು ಇಲ್ಲಿಗೇ ಬಿಟ್ಟುಬಿಡಬಹುದು. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಡ್ಜ್‌ನಲ್ಲಿ ಕಾಲಯಾನಿಗಳಿಗೆಂದು ಔತಣಕೂಟ ಏರ್ಪಡಿಸಿ, ಅದು ಮುಗಿದ ಮೇಲೆ ಆಹ್ವಾನ ಹೊರಡಿಸಿದರು. ಯಾರೂ ಬಂದಿರಲಿಲ್ಲ. ತಮಾಷೆಗೆ ಚೆನ್ನಾಗಿದೆ, ಪುರಾವೆಯಾಗಿ ಅಷ್ಟು ಗಟ್ಟಿಯಿಲ್ಲ: ಮೊದಲ ಯಂತ್ರ ಮುಂದೆಂದೋ ತಯಾರಾಗುವುದಿದ್ದರೆ 2009ಕ್ಕೆ ಯಾರೂ ಬರಲಾರರು.

ಹಾಗಾದರೆ ಬಾಗಿಲು ಎಲ್ಲಿ ಮುಚ್ಚುತ್ತದೆ? ಮೊದಲು ಸುರಂಗದ ಗಂಟಲಿನಲ್ಲಿ. ಅದು ಕುಸಿಯದಂತೆ ತಡೆಯಲು ಒಳಗಿನಿಂದ ಹೊರಕ್ಕೆ ತಳ್ಳುವಂಥ ಏನಾದರೂ ಬೇಕು, ಅಂದರೆ ಋಣಾತ್ಮಕ ಶಕ್ತಿ. ಅಂಥದ್ದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ತೀರಾ ಹತ್ತಿರ ಇಟ್ಟರೆ ಅವು ಒಂದನ್ನೊಂದು ಎಳೆಯುತ್ತವೆ ಎಂದು ಹೆಂಡ್ರಿಕ್ ಕಾಸಿಮಿರ್ 1948ರಲ್ಲಿ ಹೇಳಿದ್ದರು, 1997ರಲ್ಲಿ ಅದನ್ನು ನಿಖರವಾಗಿ ಅಳೆದರು. ತಟ್ಟೆಗಳ ನಡುವಿನ ಜಾಗದಲ್ಲಿ ಶಕ್ತಿ ಬರಿಯ ನಿರ್ವಾತಕ್ಕಿಂತಲೂ ಕಡಿಮೆ. ಆದರೆ ಅದು ಅತಿ ಸೂಕ್ಷ್ಮ ಮೊತ್ತ. ಒಂದು ಮೀಟರ್ ಅಗಲದ ಸುರಂಗಕ್ಕೆ ಬೇಕಾದದ್ದು, ದ್ರವ್ಯರಾಶಿಯ ಲೆಕ್ಕದಲ್ಲಿ, ಹೆಚ್ಚುಕಡಿಮೆ ಗುರುಗ್ರಹದಷ್ಟು.

ಅದನ್ನೂ ಒದಗಿಸಿದೆವು ಎನ್ನೋಣ. ಆಗ ಎರಡನೇ ತಡೆ ಎದುರಾಗುತ್ತದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಅತಿ ಸುಂದರವಾದದ್ದು. ನಿರ್ವಾತ ಎಂದರೆ ಪೂರ್ತಿ ಖಾಲಿಯಲ್ಲ, ಅಲ್ಲಿ ಕ್ವಾಂಟಂ ಕ್ಷೇತ್ರಗಳ ಸಣ್ಣ ಸಣ್ಣ ಏರಿಳಿತ ಸದಾ ಇರುತ್ತದೆ. ಸುರಂಗ ಕಾಲಯಂತ್ರವಾಗುವ ಅಂಚಿಗೆ ಬಂದಾಗ ಈ ಏರಿಳಿತದ ಒಂದು ಅಲೆ ಒಂದು ಬಾಯಿಯಿಂದ ಹೊಕ್ಕು ಇನ್ನೊಂದರಿಂದ ಹೊರಬಂದು, ಹೊರಟ ಗಳಿಗೆಗೇ ಹೊರಟ ಜಾಗಕ್ಕೆ ಮರಳಬಹುದು. ಮರಳಿ ತನ್ನ ಮೇಲೆ ತಾನೇ ಕೂಡಿಕೊಳ್ಳುತ್ತದೆ, ಮತ್ತೆ ಹೊಕ್ಕು ಮತ್ತೆ ಕೂಡಿಕೊಳ್ಳುತ್ತದೆ. ಚಕ್ರಬಡ್ಡಿಯಂತೆ ಎನ್ನಬಹುದು, ಆದರೆ ಬಡ್ಡಿಗೆ ವರ್ಷಗಳು ಬೇಕು, ಇಲ್ಲಿ ಸುತ್ತುಗಳೆಲ್ಲ ಆಗುವುದು ಒಂದೇ ಗಳಿಗೆಯಲ್ಲಿ. ಶಕ್ತಿ ಮೇರೆಯಿಲ್ಲದೆ ಬೆಳೆದು ಯಂತ್ರವನ್ನೇ ಸುಟ್ಟುಹಾಕುತ್ತದೆ ಎಂಬುದು ಹಾಕಿಂಗ್ ವಾದ. ನಿಸರ್ಗ ಇತಿಹಾಸದ ಸರಣಿಯನ್ನು ಕಾಯ್ದುಕೊಳ್ಳುತ್ತದೆ ಎಂಬ ಈ ಊಹೆಯನ್ನು ಅವರು 1992ರಲ್ಲಿ ಮುಂದಿಟ್ಟರು. ಊಹೆಯೇ, ಪ್ರಮೇಯವಲ್ಲ.

ಅಜ್ಜನ ಕತೆ

ಎಲ್ಲ ತಡೆಗಳನ್ನೂ ದಾಟಿ ಒಬ್ಬ ಹಿಂದಕ್ಕೆ ಹೋದ ಎಂದುಕೊಳ್ಳಿ. ತನ್ನ ಅಜ್ಜನಿಗೆ ಮದುವೆಯಾಗದಂತೆ ತಪ್ಪಿಸಿದರೆ ಅವನು ಹುಟ್ಟುವುದು ಹೇಗೆ, ಹುಟ್ಟದಿದ್ದರೆ ತಪ್ಪಿಸುವುದು ಹೇಗೆ? ಈ ಒಗಟು ಎಲ್ಲರಿಗೂ ಗೊತ್ತು, ಕಾಲಯಾನ ಅಸಾಧ್ಯ ಎನ್ನುವವರ ಕೊನೆಯ ಅಸ್ತ್ರವೂ ಇದೇ. ಆದರೆ ಭೌತವಿಜ್ಞಾನಿಗಳು ಇದಕ್ಕೆ ಅಷ್ಟಾಗಿ ಹೆದರಿಲ್ಲ. ರಷ್ಯಾದ ಇಗೊರ್ ನೊವಿಕೋವ್ ಹೇಳಿದ್ದು: ಆಗಿದ್ದು ಒಂದೇ ಸಲ ಆಗಿದೆ. ಹಿಂದಕ್ಕೆ ಹೋದವನು ಮಾಡಿದ್ದೆಲ್ಲ ಆಗಲೇ ಆ ಇತಿಹಾಸದಲ್ಲಿ ಸೇರಿದೆ, ಹಾಗಾಗಿ ಅವನು ಅದನ್ನು ಬದಲಿಸಲಾರ.

ಮನುಷ್ಯರನ್ನು ಬಿಟ್ಟು ಬಿಲಿಯರ್ಡ್ಸ್ ಚೆಂಡಿನಿಂದ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಕಾಗದದ ಮೇಲೆ. ಚೆಂಡು ಸುರಂಗದೊಳಗೆ ಹೋಗಿ, ಹಿಂದಿನ ಗಳಿಗೆಯಲ್ಲಿ ಹೊರಬಂದು, ಇನ್ನೂ ಒಳಗೆ ಹೋಗದ ತನ್ನನ್ನೇ ಗುದ್ದಿ ದಾರಿ ತಪ್ಪಿಸುವಂತೆ ಗುರಿಯಿಟ್ಟರೆ? ಇದು ಭೌತವಿಜ್ಞಾನಿ ಜೋ ಪಾಲ್ಚಿನ್ಸ್ಕಿ ಒಡ್ಡಿದ ಸವಾಲು. 1991ರಲ್ಲಿ ಥಾರ್ನ್ ಮತ್ತು ಅವರ ವಿದ್ಯಾರ್ಥಿಗಳು ಲೆಕ್ಕ ಹಾಕಿದಾಗ ವಿರೋಧಾಭಾಸವಿಲ್ಲದ ದಾರಿಗಳು ಸಿಕ್ಕವು: ಚೆಂಡು ತನ್ನನ್ನು ನೇರ ಗುದ್ದದೆ ಸವರಿಕೊಂಡು ಹೋಗುತ್ತದೆ, ಆ ಸವರಿಕೆಯಿಂದಲೇ ಅದು ಸ್ವಲ್ಪ ಓರೆಯಾಗಿ ಸುರಂಗ ಹೊಕ್ಕಿರುತ್ತದೆ, ಓರೆಯಾಗಿ ಹೊಕ್ಕಿದ್ದರಿಂದಲೇ ನೇರ ಗುದ್ದದೆ ಸವರುತ್ತದೆ. ತಲೆ ತಿರುಗುತ್ತದೆ, ಆದರೆ ಎಲ್ಲೂ ಸುಳ್ಳಿಲ್ಲ. ಹೊಸ ತೊಂದರೆ ಬೇರೆಯೇ ಬಂತು: ಅಂಥ ದಾರಿ ಒಂದಲ್ಲ, ಲೆಕ್ಕವಿಲ್ಲದಷ್ಟು ಸಿಕ್ಕವು. ನಿಸರ್ಗ ಯಾವುದನ್ನು ಆರಿಸುತ್ತದೆಂದು ಹೇಳಲು ಕ್ವಾಂಟಂಗೆ ಮುಂಚಿನ ಹಳೆಯ ಭೌತಶಾಸ್ತ್ರದ ಬಳಿ ಸೂತ್ರವಿಲ್ಲ. ಅದೇ ವರ್ಷ ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಈ ಸಮಸ್ಯೆಯನ್ನು ಕ್ವಾಂಟಂ ಗಣಿತದಲ್ಲಿ ಬರೆದು, ಹಿಂದಕ್ಕೆ ಹೋದವನು ಇಳಿಯುವುದು ಇನ್ನೊಂದು ಸಮಾನಾಂತರ ವಿಶ್ವದಲ್ಲಿ ಎಂದು ಅರ್ಥ ಹೇಳಿದರು. ಅಲ್ಲಿನ ಅಜ್ಜ ಮದುವೆಯಾಗದೆ ಉಳಿಯಬಹುದು. ಇವನ ಅಜ್ಜನಿಗೆ ಇಲ್ಲಿ ಏನೂ ಆಗಿಲ್ಲ. ಅದು ಹಿಂದಕ್ಕೆ ಹೋದದ್ದೋ ಪಕ್ಕಕ್ಕೆ ಹೋದದ್ದೋ ಎಂಬುದು ನನಗೆ ಇನ್ನೂ ಬಗೆಹರಿಯದ ಅನುಮಾನ.

ಕತೆಗಳಲ್ಲಿ ಬರುವ ಕಾಲಯಂತ್ರಗಳ ಬಗ್ಗೆ ಒಂದು ಸಣ್ಣ ತಕರಾರೂ ಇದೆ. ಅವು ಕೂತಲ್ಲೇ ಕೂತು ನೂರು ವರ್ಷ ಹಿಂದಕ್ಕೆ ಹೋಗುತ್ತವೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆ, ಸೂರ್ಯನೂ ಗೆಲಾಕ್ಸಿಯಲ್ಲಿ ಸುತ್ತುತ್ತಿದ್ದಾನೆ. ‘ಅದೇ ಜಾಗ’ ಎಂಬುದಕ್ಕೆ ಯಾವ ಅರ್ಥವೂ ಉಳಿಯುವುದಿಲ್ಲ. ವರ್ಮ್‌ಹೋಲಿಗೆ ಈ ತೊಂದರೆಯಿಲ್ಲ, ಅದರ ಎರಡು ಬಾಯಿಗಳೂ ಎಲ್ಲೋ ಒಂದು ಕಡೆ ನಿಜಕ್ಕೂ ಇರುತ್ತವೆ.

ಕಡೆಗೆ ಎಲ್ಲ ಎಳೆಗಳೂ ಬಂದು ಸೇರುವುದು ಹಾಕಿಂಗ್ ತೋರಿಸಿದ ಆ ಅಂಚಿನಲ್ಲಿ, ಸುರಂಗ ಇನ್ನೇನು ಕಾಲಯಂತ್ರವಾಗಬೇಕು ಎನ್ನುವ ಗಳಿಗೆಯಲ್ಲಿ. ಅವರ ಲೆಕ್ಕ ಗುರುತ್ವವನ್ನು ಐನ್‌ಸ್ಟೈನ್ ರೀತಿಯಲ್ಲಿ, ಉಳಿದದ್ದನ್ನು ಕ್ವಾಂಟಂ ರೀತಿಯಲ್ಲಿ ನೋಡಿದ ಅರೆಬರೆ ಮಿಶ್ರಣ. ಆ ಮಿಶ್ರಣ ನಂಬಿಕೆಗೆ ಯೋಗ್ಯವಾಗಿ ಉಳಿಯುವುದು ಅಂಚಿನ ತನಕ ಮಾತ್ರ, ಅಂಚಿನಲ್ಲೇ ಅದು ಮುರಿಯುತ್ತದೆ ಎಂದು 1990ರ ದಶಕದ ಮುಂದಿನ ಗಣಿತ ತೋರಿಸಿತು. ಅಲ್ಲಿ ಶಕ್ತಿ ನಿಜಕ್ಕೂ ಮೇರೆ ಮೀರುತ್ತದೆಯೋ, ಏನೋ ಒಂದು ಅದನ್ನು ತಡೆದು ಯಂತ್ರವನ್ನು ಉಳಿಸುತ್ತದೆಯೋ ಎಂದು ಹೇಳಬೇಕಾದದ್ದು ಗುರುತ್ವದ ಕ್ವಾಂಟಂ ಸಿದ್ಧಾಂತ. ಅದರ ಹಲವು ಕರಡುಗಳು ಮೇಜಿನ ಮೇಲಿವೆ, ಯಾವುದನ್ನೂ ಪ್ರಯೋಗ ಇನ್ನೂ ಒಪ್ಪಿಲ್ಲ.